ಅಶ್ವವರ್ಣವಿಚಾರ: ಹುಟ್ಟಲಿರುವ ಮರಿಯ ಬಣ್ಣ

ನಮ್ಮ ಕೋಶಗಳಲ್ಲಿ ಕುದುರೆಯ ಬಣ್ಣವನ್ನು ಹೇಳುವ ಶಬ್ದಗಳಿಗೆ ಆಗಿರುವಷ್ಟು ಅನಾದರವು ಬೇರೆ ಶಬ್ದವರ್ಗಕ್ಕೆ ಆಗಿರುವಂತೆ ತೋರುವುದಿಲ್ಲ. ಅಮರಸಿಂಹನು ಬಿಳಿಯ ಕುದುರೆಗೆ ಕರ್ಕವೆಂದು ಹೆಸರು ಹೇಳಿ ಮುಂದೆ ಸಾಗುತ್ತಾನೆ. ಹನ್ನೆರಡನೆಯ ಶತಮಾನದ ಹೇಮಚಂದ್ರನಾದರೋ ಅಭಿಧಾನಚಿಂತಾಮಣಿಯಲ್ಲಿ ಕಿಯಾಹ, ಖುಂಗಾಹ, ವೋಲ್ಲಾಹ, ಉರಾಹ, ಕುಲಾಹ ಮೊದಲಾದ ಅನೇಕ ಹೆಸರುಗಳನ್ನು ಬಣ್ಣದ ವಿವರದೊಡನೆ ಕೊಟ್ಟಿದ್ದಾನೆ. ಅದೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನೂ ಮಾನಸೋಲ್ಲಾಸದಲ್ಲಿ ಕುದುರೆಗಳ ದೇಶ, ವರ್ಣ, ಲಕ್ಷಣಗಳನ್ನು ವಿಚಾರಿಸಿರುವನು. ಪಾಠ ಹೇಳುವ ನಾವು ಇಂಥ ಪದ ಬಂದಲ್ಲಿ "ಒಂದು ಬಗೆಯ ಕುದುರೆ" ಎಂದು ಬರೆಯಿಸಿ ಮುಂದಿನ ಪದಕ್ಕೆ ಹೋಗುವುದು ರೂಢಿಯಾಗಿದೆ. ಇದು ಕೋಶಕಾರನಿಗೆ ನಾವು ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆತನು ಮೈಬಣ್ಣವೊಂದನ್ನೇ ಹೇಳಿ ಬಿಟ್ಟವನಲ್ಲ. ಕಾಲು, ಮೊಣಕಾಲು, ಕೇಸರ, ಬಾಲ ಇವುಗಳ ಬಣ್ಣವನ್ನು ಅಗತ್ಯವಿದ್ದಲ್ಲಿ ಬೇರೆಯಾಗಿ ಹೇಳಿದ್ದಾನೆ. ತಂದೆತಾಯಿಗಳನ್ನು ನೋಡಿ ಮರಿಯ ಬಣ್ಣವನ್ನು ಗುಣಿಸುವ ಇಂದಿನ ತಳಿಶಾಸ್ತ್ರವೂ ಮೊದಲು ಕೇಳುವುದು ಈ ಅಂಗಗಳನ್ನೇ.

ಆ ಶಾಸ್ತ್ರದ ಸಾರವನ್ನು ವೈಯಾಕರಣರಿಗೆ ತಿಳಿಯುವ ಮಾತಿನಲ್ಲಿ ಹೇಳಲು ಯತ್ನಿಸುತ್ತೇನೆ. ಕುದುರೆಯ ರೋಮದಲ್ಲಿರುವ ವರ್ಣದ್ರವ್ಯಗಳು ಎರಡೇ: ಕಪ್ಪು ಮತ್ತು ಕೆಂಪು. ಪ್ರತಿಯೊಂದು ಗುಣಕ್ಕೂ ಮರಿಯು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ವಂಶವಾಹಿಗಳನ್ನು ಪಡೆಯುವುದು. ಮೊದಲನೆಯ ಗುಣವು ರೋಮದಲ್ಲಿ ಕಪ್ಪು ಹುಟ್ಟಬಹುದೆ ಇಲ್ಲವೆ ಎಂಬುದನ್ನು ನಿರ್ಣಯಿಸುತ್ತದೆ. ಕಪ್ಪನ್ನು ಹುಟ್ಟಿಸುವ ಅಂಶ ಒಂದೇ ಇದ್ದರೂ ಸಾಕು. ಎರಡೂ ಕಡೆಯಿಂದ ಅದರ ಅಭಾವವೇ ಬಂದರೆ ಮೈ, ಕೇಸರ, ಬಾಲವೆಲ್ಲ ಕೆಂಪು. ಪಂದ್ಯದವರು ಚೆಸ್ಟ್‌ನಟ್ ಎಂದೂ ಉರ್ದು ಬಲ್ಲ ಕುದುರೆಗಾರರು ಸುರಂಗ್ ಎಂದೂ ಕರೆಯುವುದು ಇದನ್ನು. ಎರಡನೆಯ ಗುಣವು ಹುಟ್ಟಿದ ಕಪ್ಪಿಗೆ ಸ್ಥಾನನಿಯಮ ಮಾಡುತ್ತದೆ. ಇದರ ಪ್ರಬಲಾಂಶವಿದ್ದರೆ ಕಪ್ಪು ಕಾಲು, ಕೇಸರ, ಬಾಲ, ಕಿವಿಯಂಚುಗಳಿಗೆ ಸರಿದು ಮೈ ಕೆಂಪಾಗಿರುವುದು. ಬೇ ಅಥವಾ ಕುಮೈತ್ ಎಂಬುದು ಇದೇ. ಆ ಪ್ರಬಲಾಂಶವಿಲ್ಲದಿದ್ದರೆ ಮೈಯೆಲ್ಲ ಕಪ್ಪು.

ಇಲ್ಲಿ ಒಂದು ಸ್ವಾರಸ್ಯವುಂಟು. ಸುರಂಗ್ ಕುದುರೆಯಲ್ಲಿ ಕಪ್ಪೇ ಇಲ್ಲವಾದುದರಿಂದ ಅದರೊಳಗಿನ ಸ್ಥಾನನಿಯಮವು ಕಣ್ಣಿಗೆ ಕಾಣದು. ಕಾಣದಿದ್ದರೂ ಅದು ಇದ್ದೇ ಇರುತ್ತದೆ, ಮರಿಯಲ್ಲಿ ಕೆಲಸ ಮಾಡುತ್ತದೆ. "ಅವನು ಮನೆ ಕಟ್ಟಿದನು" ಎಂಬಲ್ಲಿ ದ್ವಿತೀಯಾ ವಿಭಕ್ತಿಯು ಲೋಪವಾದರೂ ಅದರ ಅರ್ಥವು ಲೋಪವಾಗದಷ್ಟೆ; ಹಾಗೆ.

ಉದಾಹರಣೆಗೆ, ಗಂಡು ಕುಮೈತ್, ಹೆಣ್ಣು ಸುರಂಗ್ ಎಂದಿಟ್ಟುಕೊಳ್ಳೋಣ. ಗಂಡಿನ ತಾಯಿಯೂ ಸುರಂಗ್ ಆಗಿದ್ದರೆ ಆ ಗಂಡಿನಲ್ಲಿ ಕಪ್ಪಿನ ಅಂಶ ಒಂದೇ ಇರುವುದೆಂದು ನಿಶ್ಚಯವಾಯಿತು. ಆದ್ದರಿಂದ ಹುಟ್ಟುವ ಮರಿಯು ಸುರಂಗ್ ಆಗುವ ಸಂಭವ ಅರ್ಧ. ಉಳಿದ ಅರ್ಧವೆಲ್ಲ ಕುಮೈತ್ ಎನ್ನಲಾಗದು. ಗಂಡಿನಲ್ಲಿ ಸ್ಥಾನನಿಯಮದ ಪ್ರಬಲಾಂಶ ಒಂದೇ ಇದ್ದು, ಹೆಣ್ಣಿನಲ್ಲಿ ಗುಪ್ತವಾಗಿಯೂ ಅದಿಲ್ಲದಿದ್ದರೆ, ನಾಲ್ಕರಲ್ಲೊಂದು ಪಾಲು ಕರಿಯ ಮರಿಯೇ ಹುಟ್ಟಬಹುದು. ತಂದೆಯೂ ಕಪ್ಪಲ್ಲ, ತಾಯಿಯೂ ಕಪ್ಪಲ್ಲ, ಮರಿ ಕಪ್ಪೇಕೆ ಎಂದು ಲಾಯದವನನ್ನು ಸಂಶಯಿಸುವುದಕ್ಕೆ ಇಲ್ಲಿ ಕಾರಣವಿಲ್ಲ. ಆದರೆ ಎರಡು ಸುರಂಗ್‌ಗಳಿಗೆ ಕುಮೈತ್ ಮರಿ ಹುಟ್ಟಿತೆಂದು ಬರೆದಿದ್ದರೆ ಆ ಬರಹವನ್ನೇ ಸಂಶಯಿಸತಕ್ಕದ್ದು.

ಈ ಕೊನೆಯ ಮಾತು ಗ್ರಂಥಸಂಪಾದಕರಿಗೆ ರುಚಿಸೀತು. ಮೆಂಡೆಲ್ 1866ರಲ್ಲಿ ಬಟಾಣಿಗಿಡಗಳ ಮೇಲಿನ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಅದು ವಿದ್ವಾಂಸರ ಕಣ್ಣಿಗೆ ಬಿದ್ದುದು 1900ರಲ್ಲಿ. 1906ರಲ್ಲಿ ಇಂಗ್ಲೆಂಡಿನ ಹರ್ಸ್ಟ್ ಎಂಬಾತನು ಒಂದು ಕುದುರೆಯನ್ನೂ ಸಾಕದೆ, ಪಂದ್ಯದ ಕುದುರೆಗಳ ವಂಶಾವಳಿಯ ಗ್ರಂಥವನ್ನು ಮಾತ್ರ ಮುಂದಿಟ್ಟುಕೊಂಡು, ಸುರಂಗ್‌ಗಳಿಗೆ ಸುರಂಗ್‌ಗಳೇ ಹುಟ್ಟುವುವೆಂದು ತೋರಿಸಿದನು. ವಿರುದ್ಧವಾದ ದಾಖಲೆಗಳು ತೀರ ಕೆಲವೇ. ಅವು ಲೇಖಕಪ್ರಮಾದಗಳೆಂದು ಎಣಿಸಲು ಅಡ್ಡಿಯಿರಲಿಲ್ಲ. ಓಲೆಯ ತಪ್ಪನ್ನು ಛಂದಸ್ಸಿನಿಂದ ತಿದ್ದುವವರಿಗೆ ಈ ಕ್ರಮ ಹೊಸದಲ್ಲ. ಕೆಂಪಿಗೆ ಕಾರಣವಾದ ವಂಶವಾಹಿಯ ವಿಕಾರವು 1996ರಲ್ಲಿಯೂ, ಸ್ಥಾನನಿಯಮದ ವಂಶವಾಹಿಯದು 2001ರಲ್ಲಿಯೂ ಗೊತ್ತಾದುವು. ನಮ್ಮ ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲಿನಲ್ಲಿ ಸಾಕಿದ ಪಂದ್ಯದ ಕುದುರೆಗಳಿಗೂ, ಚಾಮುಂಡಿಬೆಟ್ಟದ ತಪ್ಪಲಿನ ಬಯಲಿನಲ್ಲಿ ಓಡುವ ಕುದುರೆಗಳಿಗೂ ಈ ಲೆಕ್ಕವೇ ಸಲ್ಲುವುದು.

ಇನ್ನು ಹೇಮಚಂದ್ರನ ಶಬ್ದಗಳಿಗೆ ಬರೋಣ. ಕಿಯಾಹವು ಕೆಂಪು, ಖುಂಗಾಹವು ಕಪ್ಪು, ಇವು ಸುಲಭ. ವೋಲ್ಲಾಹವೆಂದರೆ ಕಪಿಲವರ್ಣದ ಮೈಯಿದ್ದು ಕೇಸರವೂ ಬಾಲವೂ ಪಾಂಡುವಾಗಿರುವುದು. ಕುಲಾಹವು ತುಸು ಹಳದಿ, ಮೊಣಕಾಲಲ್ಲಿ ಕಪ್ಪು. ಉರಾಹವು ತುಸು ಪಾಂಡು, ಜಂಘೆಯಲ್ಲಿ ಕಪ್ಪು. ಬಣ್ಣವನ್ನು ತೆಳುವು ಮಾಡುವ ವಂಶವಾಹಿಗಳು ಬೇರೆ ಇವೆ. ಅವುಗಳಲ್ಲೊಂದು, ಒಂದೇ ಪಾಲಿನಲ್ಲಿ ಬಂದಾಗ, ಕೆಂಪನ್ನು ಹೊಂಬಣ್ಣಕ್ಕಿಳಿಸಿ ಕಪ್ಪನ್ನು ಬಹುಮಟ್ಟಿಗೆ ಮುಟ್ಟದೆ ಬಿಡುತ್ತದೆ. ಅದು ಕುಮೈತ್‌ಗೆ ಬಂದರೆ ಹಳದಿ ಮೈ, ಕಪ್ಪು ಕಾಲು: ಕುಲಾಹದ ಲಕ್ಷಣವೇ ಸರಿ. ಸುರಂಗ್‌ಗೆ ಬಂದರೆ ಹೊಂಬಣ್ಣದ ಮೈ, ಬೆಳ್ಳನೆಯ ಕೇಸರ. ಆದರೂ ವೋಲ್ಲಾಹವು ಇದೇ ಎಂದು ನಾನು ಹೇಳಲೊಲ್ಲೆ. ಮೈ ಕಪಿಲವೆಂದಿರುವುದರಿಂದ, ಕೇಸರ ಮಾತ್ರ ಬಿಳುಪಾದ ಶುದ್ಧ ಸುರಂಗ್ ಎಂದು ಕೊಳ್ಳುವುದೇ ಮೇಲು. ಉರಾಹದ ವಿಷಯದಲ್ಲಿ ಬೇರೊಂದು ಊಹೆಗೆ ಎಡೆಯಿದೆ. ಹೇಮಚಂದ್ರನು ಗುಜರಾತಿನವನು, ಅಲ್ಲಿನ ಕಾಠಿಯಾವಾಡಿ ಕುದುರೆಗಳಲ್ಲಿ, ಮಸುಕು ಮೈ, ಕಪ್ಪು ಕಾಲು, ಬೆನ್ನುದ್ದಕ್ಕೂ ಕಪ್ಪು ಗೆರೆ ಇರುವ ವರ್ಣವು ಈಗಲೂ ಸಾಮಾನ್ಯ. ಆತನು ಇಂಥದನ್ನೇ ಕಂಡು ಬರೆದಿರಬಹುದು.

ಉಳಿದುದು ಬಿಳಿಯ ಕುದುರೆ. ನಾವು ಬಿಳಿಯದೆನ್ನುವ ಕುದುರೆಗಳಲ್ಲಿ ಹೆಚ್ಚಿನವು ಕಪ್ಪಾಗಿಯೋ ಕೆಂಪಾಗಿಯೋ ಹುಟ್ಟಿ, ವರ್ಷ ಕಳೆದಂತೆ ನರೆತವು. ಇದಕ್ಕೆ ಕಾರಣವಾದ ವಂಶವಾಹಿಯು ಉಳಿದೆಲ್ಲ ವರ್ಣವಿಧಿಗಳನ್ನೂ ಬಾಧಿಸುವ ಅಪವಾದದಂತಿದೆ. ಒಂದೇ ಪಾಲು ಸಾಕು, ಅದಿರುವ ಮರಿಯ ತಂದೆಯೋ ತಾಯಿಯೋ ನರೆಯುವ ಜಾತಿಯದಾಗಿರಲೇಬೇಕು. ಇಂಥ ಕುದುರೆಯ ತೊಗಲು ಕೊನೆಯವರೆಗೂ ಕಪ್ಪೇ. ಮೈಯೆಲ್ಲ ಬೆಳ್ಳಗಾದ ಮೇಲೂ ಕೆಲವು ಕುದುರೆಗಳ ಕೇಸರ, ಬಾಲಗಳು ಬಹುಕಾಲ ಕಪ್ಪಾಗಿ ಉಳಿಯುವುದುಂಟು. ಆದಿಪರ್ವದಲ್ಲಿ ಉಚ್ಚೈಶ್ರವಸ್ಸಿನ ಬಾಲವು ಕಪ್ಪೆಂದು ಕದ್ರುವೂ ಬಿಳಿದೆಂದು ವಿನತೆಯೂ ಪಣವೊಡ್ಡಿದ ಕಥೆಯನ್ನು ಹೇಳುವಾಗ, ಬಿಳಿಯ ಕುದುರೆಗೆ ಕರಿಯ ಬಾಲವೆಲ್ಲಿಯದು ಎಂದು ವಿದ್ಯಾರ್ಥಿಗಳು ನಗುತ್ತಾರೆ. ಕದ್ರುವು ಮಾಡಿದ್ದು ಮೋಸವೇ ಸರಿ. ಆದರೆ ಆಕೆ ಒಡ್ಡಿದ ಮಾತು ಲಾಯದಲ್ಲಿ ಕಾಣದ ಮಾತಲ್ಲ. ವಿನತೆಯೂ ಅದನ್ನು ಅಸಂಭವವೆಂದು ತಳ್ಳಿಬಿಡದೆ, ಮರುದಿನ ಹೋಗಿ ನೋಡಲು ಒಪ್ಪಿದಳಷ್ಟೆ.