ಎರಿ ನೆಲದ ಮೇಲೊಂದು ಮೀಟರ್ ಗರಸು

ಧಾರವಾಡ ಜಿಲ್ಲೆ ಒಂದೇ, ನೆಲ ಎರಡು. ಕಲಘಟಗಿ ಸೀಮೆಯಲ್ಲಿ ಮಸಾರಿ ಹೆಚ್ಚು. ಅಗೆದರೆ ಕೆಂಪು ಮಣ್ಣು, ಅದರಡಿ ಗರಸು. ಪೂರ್ವಕ್ಕೆ ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ನವಲಗುಂದದ ಕಡೆ ಹೊರಟರೆ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣಿನ ಎರಿ ಹೊಲ. ಹಿಂಗಾರಿ ಜೋಳಕ್ಕೂ ಕಡಲೆಗೂ ಹತ್ತಿಗೂ ಇಂಥ ಮಣ್ಣು ಬೇರೆಲ್ಲೂ ಸಿಗಲಿಕ್ಕಿಲ್ಲ. ಅದೇ ಮಣ್ಣಿನ ಮೇಲೆ ಕಟ್ಟಿದ ಮನೆಯ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರಿಯುತ್ತದೆ, ಡಾಂಬರು ರಸ್ತೆ ಎರಡು ಮಳೆಗಾಲದಲ್ಲಿ ಅಲೆಅಲೆಯಾಗುತ್ತದೆ, ಕಾಲುವೆಯ ಕಾಂಕ್ರೀಟ್ ಹಾಸು ಮೇಲೆದ್ದು ಒಡೆಯುತ್ತದೆ.

ವ್ಯತ್ಯಾಸ ಹುಟ್ಟುವುದು ಕಣ್ಣಿಗೆ ಕಾಣದ ಜೇಡಿಯ ಕಣಗಳಲ್ಲಿ. ಮಳೆ ಚೆನ್ನಾಗಿ ಬಿದ್ದು ನೀರು ಬಸಿದುಹೋಗುವ ಕಡೆ ಬಂಡೆಯೊಳಗಿನ ಸುಣ್ಣ, ಮೆಗ್ನೀಸಿಯಂ ತೊಳೆದುಹೋಗಿ ಕೇಯೋಲಿನೈಟ್ ಎಂಬ ಖನಿಜ ಉಳಿಯುತ್ತದೆ. ಮಳೆ ಕಡಿಮೆ ಇದ್ದು ನೀರು ನಿಲ್ಲುವ ಬಯಲಿನಲ್ಲಿ ಅವು ಅಲ್ಲೇ ಉಳಿದು ಮಾಂಟ್‌ಮೊರಿಲೊನೈಟ್ ರೂಪುಗೊಳ್ಳುತ್ತದೆ. ಎರಡೂ ಒಂದರ ಮೇಲೊಂದು ಒಟ್ಟಿದ ಖಡಕ್ ರೊಟ್ಟಿಯ ಹಾಗೆ ತೆಳು ಪದರಗಳ ಕಟ್ಟುಗಳೇ. ಕೇಯೋಲಿನೈಟಿನಲ್ಲಿ ಪದರಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ನಡುವೆ ನೀರಿಗೆ ದಾರಿಯಿಲ್ಲ. ಮಾಂಟ್‌ಮೊರಿಲೊನೈಟಿನಲ್ಲಿ ಆ ಹಿಡಿತ ಸಡಿಲ. ನೀರು ನುಸುಳಿ ಪದರಗಳನ್ನು ದೂರ ತಳ್ಳುತ್ತದೆ, ಒಣಗಿದಾಗ ಅವು ಮತ್ತೆ ಹತ್ತಿರ ಬರುತ್ತವೆ. ಇದರ ಒಂದು ಗ್ರಾಮಿನಲ್ಲಿರುವ ಪದರಗಳ ಒಟ್ಟು ಮೇಲ್ಮೈ 700ರಿಂದ 800 ಚದರ ಮೀಟರ್. ಎರಿ ಹೊಲ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಹಿಡಿದಿಡುವುದು ಈ ಗುಣದಿಂದಲೇ. ರೈತನ ಬೆಳೆ ಉಳಿಸುವ ಗುಣವೇ ಅವನ ಮನೆಗೆ ಕೇಡು ತರುತ್ತದೆ.

ಇದನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಡ. ಒಣ ಮಣ್ಣನ್ನು ಸಣ್ಣ ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ತೂಗಿ ಎರಡು ಅಳತೆಗಾಜಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಒಂದು ದಿನ ಬಿಟ್ಟು ಎರಡರಲ್ಲೂ ಮಣ್ಣು ಎಷ್ಟು ಎತ್ತರ ನಿಂತಿದೆ ಎಂದು ನೋಡಬೇಕು. ಸೀಮೆಎಣ್ಣೆಗೆ ಪದರಗಳನ್ನು ಬಿಡಿಸುವ ಶಕ್ತಿಯಿಲ್ಲ. ಆದ್ದರಿಂದ ನೀರಿನಲ್ಲಿ ಎಷ್ಟು ಹೆಚ್ಚು ಉಬ್ಬಿತು ಎಂಬುದರಿಂದ ಮಣ್ಣಿನ ಸ್ವಭಾವ ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಅವರು ಕೆ. ಪ್ರಕಾಶ್ ಅವರೊಡನೆ 2000ರಲ್ಲಿ ಇದನ್ನೊಂದು ಸರಳ ಅನುಪಾತವಾಗಿ ಬಳಸಲು ಸೂಚಿಸಿದರು. ನೀರಿನಲ್ಲಿನ ಗಾತ್ರವನ್ನು ಸೀಮೆಎಣ್ಣೆಯಲ್ಲಿನ ಗಾತ್ರದಿಂದ ಭಾಗಿಸಿದಾಗ ಒಂದಕ್ಕಿಂತ ಕಡಿಮೆ ಬಂದರೆ ಅದು ಕೇಯೋಲಿನೈಟಿನ ಮಣ್ಣು, ಉಬ್ಬುವ ಭಯವಿಲ್ಲ. ಎರಡು ದಾಟಿದರೆ ಹೆಚ್ಚು ಉಬ್ಬುವ ಮಣ್ಣು, ನಾಲ್ಕು ದಾಟಿದರೆ ಅತಿ ಹೆಚ್ಚು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮಾಡಬಹುದಾದ ಪರೀಕ್ಷೆ ಇದು. ಹಳ್ಳಿಯಲ್ಲಿ ಲಕ್ಷಾಂತರ ರೂಪಾಯಿ ಹಾಕಿ ಮನೆ ಕಟ್ಟಿಸುವವರು ಇದನ್ನು ಮಾಡಿಸದೆ ಬುನಾದಿ ತೋಡಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದೊಡ್ಡ ಕಟ್ಟಡಕ್ಕಷ್ಟೇ ಮಣ್ಣಿನ ಪರೀಕ್ಷೆ ಬೇಕು, ನಮ್ಮ ಎರಡು ಕೋಣೆಯ ಮನೆಗೆ ಯಾಕೆ ಎಂಬ ನಂಬಿಕೆ ಬಲವಾಗಿದೆ. ಎರಿ ನೆಲದಲ್ಲಿ ಲೆಕ್ಕ ತಿರುಗುಮುರುಗು. ಉಬ್ಬುವ ಮಣ್ಣು ಚದರ ಮೀಟರಿಗೆ 5 ಟನ್ನಿನಿಂದ 30 ಟನ್ನಿನವರೆಗೂ ಮೇಲಕ್ಕೆ ಒತ್ತಬಲ್ಲದು. ಒಂದಂತಸ್ತಿನ ಮನೆ ಬುನಾದಿಯ ಮೇಲೆ ಹೇರುವ ಭಾರ ಸಾಮಾನ್ಯವಾಗಿ ಐದಾರು ಟನ್ನಿನ ಆಸುಪಾಸು. ಹತ್ತು ಸೆಂಟಿಮೀಟರ್ ದಪ್ಪದ ಕಾಲುವೆ ಹಾಸಿನ ತೂಕವಂತೂ ಚದರ ಮೀಟರಿಗೆ ಕೇವಲ 240 ಕಿಲೋ. ಹಗುರವಾದದ್ದೇ ಮೊದಲು ಮೇಲೇಳುತ್ತದೆ.

ಈ ಪ್ರಶ್ನೆ ನಮ್ಮ ಸೀಮೆಗೆ ದೊಡ್ಡದಾಗಿ ಎದುರಾದದ್ದು ಮಲಪ್ರಭಾ ಯೋಜನೆಯಲ್ಲಿ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟೆ ಎದ್ದು, ಕಾಲುವೆ ನವಲಗುಂದ, ನರಗುಂದದ ಎರಿ ಬಯಲಿಗೆ ಇಳಿಯಿತು. ಕಾಲುವೆ ಸೋರಿದರೆ ಮೇಲಿನ ಹೊಲದಲ್ಲಿ ಜೌಗು, ಉಪ್ಪು. ಕೊನೆಯ ಹೊಲದಲ್ಲಿ ನೀರಿನ ದಾರಿ ಕಾಯುವ ರೈತ. ಬಾರದ ನೀರಿಗೆ ಕರ ಕೇಳಿದ್ದಕ್ಕೆ 1980ರ ಜುಲೈ 21ರಂದು ಇದೇ ಊರುಗಳಲ್ಲಿ ರೈತರು ಬಂಡೆದ್ದದ್ದು ನಾಡಿಗೆಲ್ಲ ಗೊತ್ತು. ಆ ಸಿಟ್ಟಿಗೆ ಕಾರಣ ಹಲವು. ಆದರೆ ಎರಿ ಮಣ್ಣಿನಲ್ಲಿ ಕಾಲುವೆಯ ಹಾಸು ನಿಲ್ಲಿಸುವುದು ಬರೀ ಎಂಜಿನಿಯರುಗಳ ಸಮಸ್ಯೆಯಾಗಿರಲಿಲ್ಲ ಎಂಬುದಂತೂ ಸ್ಪಷ್ಟ.

ಉತ್ತರ ಹುಡುಕಿದವರಲ್ಲಿ ಪ್ರಮುಖರು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ. ಎರಿ ನೆಲದಲ್ಲಿ ಏಳುವುದು, ಇಳಿಯುವುದು ಮುಖ್ಯವಾಗಿ ಮೇಲಿನ ಒಂದು ಮೀಟರಿನಷ್ಟು ಮಣ್ಣು. ಅದರ ಕೆಳಗಿನದು ಅದೇ ಜಾತಿಯ ಮಣ್ಣಾದರೂ, ನೀರು ತಾಗಿದರೂ, ಅಷ್ಟಾಗಿ ಕದಲುವುದಿಲ್ಲ ಎಂದು ಅವರು ಗಮನಿಸಿದರು. ಮೇಲಿನ ಮಣ್ಣಿನ ಭಾರ ಅದನ್ನು ಒತ್ತಿ ಹಿಡಿದಿದೆ ಎನ್ನೋಣವೆಂದರೆ, ಒಂದು ಮೀಟರ್ ಮಣ್ಣು ಚದರ ಮೀಟರಿಗೆ ಎರಡು ಟನ್ ತೂಗಿದರೆ ಹೆಚ್ಚು. ಹಿಡಿದಿರುವುದು ಭಾರವಲ್ಲ, ಮಣ್ಣಿನ ಅಂಟು ಎಂದು ಅವರು ವಾದಿಸಿದರು. ಹಾಗಿದ್ದರೆ ಮೇಲಿನ ಒಂದು ಮೀಟರ್ ಎರಿಯನ್ನು ತೆಗೆದು, ಅಂಟು ಇರುವ ಆದರೆ ಉಬ್ಬದ ಮಣ್ಣನ್ನು ಬಿಗಿಯಾಗಿ ತುಂಬಿದರೆ ಸಾಕಲ್ಲವೇ? ಈ ವಿಧಾನ ಮಲಪ್ರಭಾ ಕಾಲುವೆಗಳಲ್ಲಿ ಬಳಕೆಗೆ ಬಂತು; ಉಬ್ಬುವ ಮಣ್ಣಿನಲ್ಲಿ ಕಾಲುವೆ ಹಾಸುವ ಬಗೆಗಿನ ಭಾರತೀಯ ಮಾನಕದಲ್ಲೂ ಸೇರಿತು. ದೊಡ್ಡ ಕಾಲುವೆಗಳಿಗೆ, ಮಣ್ಣಿನ ಒತ್ತಡ ನೋಡಿಕೊಂಡು, ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ದಪ್ಪ. ಮರಳು ತುಂಬಿದರೆ ಈ ಕೆಲಸ ಆಗುವುದಿಲ್ಲ. ಮರಳಿಗೆ ಅಂಟಿಲ್ಲ, ಮೇಲಾಗಿ ನೀರನ್ನು ನೇರವಾಗಿ ಎರಿಗೆ ಇಳಿಸುತ್ತದೆ. ಜೇಡಿ ಬೆರೆತ ಒಳ್ಳೆಯ ಗರಸು ಇದಕ್ಕೆ ಹೇಳಿ ಮಾಡಿಸಿದ್ದು. ಎರಿ ಸೀಮೆಯ ಕಾಯಿಲೆಗೆ ಮದ್ದು ಮಸಾರಿ ಸೀಮೆಯಲ್ಲಿದೆ.

ಮನೆಗಳಿಗೆ ಇನ್ನೊಂದು ದಾರಿಯಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದದ್ದು: ತೇವದ ಏರಿಳಿತ ತಟ್ಟದ ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕಾಂಕ್ರೀಟ್ ಕಂಬ ಇಳಿಸಿ, ಬುಡದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲಿಸುವುದು. ಮಣ್ಣು ಉಬ್ಬಿ ಕಂಬವನ್ನು ಎತ್ತಲು ನೋಡಿದರೂ ಆ ಗಡ್ಡೆ ಬಿಡುವುದಿಲ್ಲ. ಕಂಬಗಳ ಮೇಲಿನ ತೊಲೆಯ ಕೆಳಗೆ ಉಬ್ಬಲು ಜಾಗ ಬಿಟ್ಟಿರುತ್ತಾರೆ. ಇದಾಗದವರೂ ಬಚ್ಚಲ ನೀರನ್ನು ಗೋಡೆಯ ಬುಡದಲ್ಲಿ ನಿಲ್ಲಗೊಡದೆ, ಸುತ್ತ ಅಗಲವಾದ ಕಟ್ಟೆ ಹಾಸಿ, ದೊಡ್ಡ ಗಿಡಗಳನ್ನು ದೂರ ಹಚ್ಚಿದರೆ ಎಷ್ಟೋ ಬಿರುಕುಗಳು ಬರುವುದೇ ಇಲ್ಲ. ಗೋಡೆ ಒಡೆಯುವುದು ಒಂದು ಮೂಲೆ ಒದ್ದೆ, ಇನ್ನೊಂದು ಒಣ ಆದಾಗ.

ಕಟ್ಟಿಯವರ ವಿಧಾನವೇ ಕೊನೆಯ ಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎಸ್. ಸುಬ್ಬರಾವ್ 2000ರಲ್ಲಿ ಒಂದು ಎಚ್ಚರಿಕೆ ಕೊಟ್ಟರು: ಇಂಥ ಹಾಸು ಮೊದಲ ಸಲದ ಉಬ್ಬನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಒದ್ದೆ-ಒಣ ಸುತ್ತು ಮರುಕಳಿಸಿದಂತೆ ಅದರ ಹಿಡಿತ ಕುಗ್ಗುತ್ತದೆ. ಇತ್ತ ಗರಸಿಗಾಗಿ ಗುಡ್ಡಗಳೂ ಕರಗುತ್ತಿವೆ. ಕಲಘಟಗಿ ಸೀಮೆಯವರಿಗೆ ಈ ನಷ್ಟ ಲೆಕ್ಕಕ್ಕೆ ಬಾರದ ಖರ್ಚಲ್ಲ. ಹೀಗಾಗಿ ಈಗಿನ ಸಂಶೋಧನೆಯ ಒಲವು ಇದ್ದಲ್ಲೇ ಇರುವ ಎರಿಯ ಸ್ವಭಾವ ಬದಲಿಸುವುದರ ಕಡೆಗಿದೆ. ಸುಣ್ಣ ಇದರಲ್ಲಿ ಹಳೆಯ ಕೈ: ಅದರ ಕ್ಯಾಲ್ಸಿಯಂ ಪದರಗಳ ನಡುವಿನ ಸೋಡಿಯಂ ಕಣಗಳನ್ನು ಹೊರದಬ್ಬಿ ಹಿಡಿತ ಬಿಗಿಮಾಡುತ್ತದೆ, ಮುಂದೆ ನಿಧಾನಕ್ಕೆ ಸಿಮೆಂಟಿನಂಥ ಬೆಸುಗೆಯೂ ಕೂಡುತ್ತದೆ. ಆದರೆ ಮಣ್ಣಿನಲ್ಲಿ ಸಲ್ಫೇಟ್ ಇದ್ದರೆ ಸುಣ್ಣವೇ ತಿರುಗಿಬೀಳುತ್ತದೆ. ಅಮೆರಿಕದ ಲಾಸ್ ವೇಗಾಸಿನಲ್ಲಿ ಸುಣ್ಣ ಬೆರೆಸಿ ಹಾಕಿದ ರಸ್ತೆಯೊಂದು ಹಾಗೇ ಉಬ್ಬಿ ಹಾಳಾಯಿತು. ಕಾಕಿನಾಡದ ಸಂಶೋಧಕರು ಗರಸಿನ ಬದಲು ಸಿಮೆಂಟ್ ಬೆರೆಸಿದ ಹಾರುಬೂದಿಯ ಹಾಸನ್ನು ಪರೀಕ್ಷಿಸಿದ್ದಾರೆ. ಹಾರುಬೂದಿ ನಮಗೆ ರಾಯಚೂರಿನಲ್ಲಿದೆ, ಇಂಥದೇ ಪ್ರಯೋಗಕ್ಕೆ ಒದಗಬಹುದಾದ ಉಕ್ಕಿನ ಕುಲುಮೆಯ ಸ್ಲ್ಯಾಗ್ ತೋರಣಗಲ್ಲಿನಲ್ಲಿದೆ. ಯೂರಿಯಾ ಒಡೆಯುವ ಬ್ಯಾಕ್ಟೀರಿಯಾಗಳಿಂದ ಮಣ್ಣಿನೊಳಗೇ ಸುಣ್ಣಕಲ್ಲು ಬೆಳೆಸುವ ಪ್ರಯೋಗಗಳೂ ನಡೆದಿವೆ. ಮರಳಿನಲ್ಲಿ ಅದು ಸಲೀಸು; ಜೇಡಿಯ ಸಂದುಗಳು ಬ್ಯಾಕ್ಟೀರಿಯಾಕ್ಕೂ ಇಕ್ಕಟ್ಟು, ಅದಕ್ಕೇ ಕೆಲವರು ಬರೀ ಕಿಣ್ವವನ್ನೇ ಇಳಿಸಿ ನೋಡುತ್ತಿದ್ದಾರೆ.

ಪ್ರಯೋಗಾಲಯದಲ್ಲಿ ಹತ್ತು ಸುತ್ತು ಒದ್ದೆ ಮಾಡಿ ಒಣಗಿಸಬಹುದು. ನವಲಗುಂದದ ಬಯಲು ಬರದ ವರ್ಷ ಆಳಕ್ಕೆ ಬಾಯಿಬಿಟ್ಟು, ಮರುವರ್ಷ ಬೆಣ್ಣಿಹಳ್ಳ ಉಕ್ಕಿದಾಗ ನೀರಿನಡಿ ಮುಳುಗುತ್ತದೆ. ಹಾಗಾಗಿ ಈ ವಿಧಾನಗಳ ಒಂದೊಂದು ತುಂಡು ರಸ್ತೆಯನ್ನು ಅಲ್ಲೇ ಹಾಕಿ, ಸಾಧಾರಣ ರಸ್ತೆಯ ಪಕ್ಕದಲ್ಲಿಟ್ಟು, ಬರ ಮತ್ತು ನೆರೆ ಎರಡನ್ನೂ ಕಾಣುವಷ್ಟು ವರ್ಷ ಅಳೆಯಬೇಕು. ಅಳತೆಯ ವರದಿ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಸಿಗಬೇಕು.