ಹೋಟೆಲ್ ಬಾಗಿಲು ಹಾಕಿದ್ದು ಯಾರು: ಮಗನಾ, ರಸ್ತೆಯಾ?

2025ರ ಡಿಸೆಂಬರ್‌ನಲ್ಲಿ ಬೆಂಗಳೂರು ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಬಾಗಿಲು ಹಾಕಿತು. 1954ರಲ್ಲಿ ಶುರುವಾದ ಹೋಟೆಲು. ಏಳು ದಶಕದ ಲೆಕ್ಕ. ಸುದ್ದಿ ಗೊತ್ತಾದ ಮೇಲೆ ಜನ ಕೊನೇ ಸಲ ಇಡ್ಲಿ ತಿನ್ನೋಕೆ ಹೋದರು, ಕ್ಯಾಮೆರಾಗಳೂ ಹೋದವು. ಒಳ್ಳೇದೇ. ತಪ್ಪು ಅಂತ ನಾನು ಹೇಳೋದಿಲ್ಲ.

ಆದರೆ ಅಲ್ಲಿಂದ ನೂರು ಕಿಲೋಮೀಟರ್ ಆಚೆಗೆ ಬನ್ನಿ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಹಳೇ ಹೆದ್ದಾರಿ. ಇಲ್ಲಿ ಶಟರ್ ಎಳೆದ ಹೋಟೆಲುಗಳ ಮುಂದೆ ಯಾವ ಕ್ಯಾಮೆರಾನೂ ನಿಲ್ಲಲಿಲ್ಲ. ಕೊನೇ ಇಡ್ಲಿಗೆ ಕ್ಯೂನೂ ಇರಲಿಲ್ಲ. ಕ್ಯೂ ಇದ್ದಿದ್ದರೆ ಮುಚ್ಚುತ್ತಲೇ ಇರಲಿಲ್ಲ, ಅಲ್ವಾ?

ಹಾಗಾಗಿ ಇವತ್ತು ಒಂದು ವಿಷಯ ಬಿಡಿಸಿ ನೋಡೋಣ. ತಲೆಮಾರುಗಳಿಂದ ನಡೆದ ಹೋಟೆಲು ಮುಚ್ಚಿದಾಗ ನಾವು ಎಲ್ಲದಕ್ಕೂ ಒಂದೇ ಕಣ್ಣೀರು ಹಾಕುತ್ತೇವೆ. "ಕಾಲ ಬದಲಾಯ್ತು ಬಿಡಿ" ಅಂತೀವಿ. ಎಲ್ಲ ಸಾವೂ ಒಂದೇ ಅಲ್ಲ. ಕೆಲವನ್ನು ಮನೆಯವರೇ ಮುಚ್ಚುತ್ತಾರೆ. ಕೆಲವನ್ನು ರಸ್ತೆ ಮುಚ್ಚುತ್ತದೆ.

ಮೊದಲು ರಸ್ತೆ ಕಥೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಗಳು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನನಗೂ ಆ ರಸ್ತೆ ಇಷ್ಟಾನೇ, ಸುಳ್ಳು ಯಾಕೆ ಹೇಳಲಿ.

ಈಗ ಹೊಟ್ಟೆಯ ಗಣಿತ ನೋಡಿ. ಮೂರು ಗಂಟೆ ಪ್ರಯಾಣ ಅಂದರೆ ಮಧ್ಯದಲ್ಲಿ ಒಂದು ಕಾಫಿ ಬೇಕು, ಮಕ್ಕಳಿಗೆ ಏನಾದರೂ ತಿನ್ನಿಸಬೇಕು, ಡ್ರೈವರ್ ಕಾಲು ಚಾಚಬೇಕು. ಒಂದೂವರೆ ಗಂಟೆ ಅಂದರೆ? ಬೆಂಗಳೂರಲ್ಲಿ ತಿಂಡಿ ತಿಂದು ಹೊರಟವನು ಹೊಟ್ಟೆ ಹಸಿಯುವಷ್ಟರಲ್ಲಿ ಚಾಮುಂಡಿ ಬೆಟ್ಟ ನೋಡಿರುತ್ತಾನೆ. ಹಳೇ ರಸ್ತೆಯ ಹೋಟೆಲುಗಳು ಬದುಕಿದ್ದು ಆ ಉಳಿದ ಒಂದೂವರೆ ಗಂಟೆಯ ಮೇಲೆ. ರುಚಿ ಕೆಡಲಿಲ್ಲ, ಕೈ ಬದಲಾಗಲಿಲ್ಲ, ಸಾಂಬಾರು ಅದೇ. ಗಿರಾಕಿಯ ಹಸಿವೇ ಬೇರೆ ಊರಿಗೆ ವರ್ಗ ಆಗೋಯ್ತು.

ಇನ್ನೊಂದು ವಿಚಾರ. ಎಕ್ಸ್‌ಪ್ರೆಸ್‌ವೇಯಲ್ಲಿ ಮನಸ್ಸಾದ ಕಡೆ ಕಾರು ತಿರುಗಿಸೋಕೆ ಆಗಲ್ಲ. ಎರಡೂ ಕಡೆ ಬೇಲಿ. ಇಳಿಯೋ ಜಾಗ ತಪ್ಪಿದರೆ ಮುಂದಿನದರವರೆಗೂ ಹೋಗಬೇಕು. ಗಣಂಗೂರಿನಲ್ಲಿ ಟೋಲ್ ಕಟ್ಟಿದವನು ಶ್ರೀರಂಗಪಟ್ಟಣದ ಬೈಪಾಸ್ ಹಿಡಿದರೆ ರಂಗನಾಥಸ್ವಾಮಿ ಗೋಪುರ ದೂರದಿಂದಲೇ ಕಾಣಬೇಕು. ಊರೊಳಗೆ ಬರುವವರು ಈಗ ದೇವಸ್ಥಾನಕ್ಕೆ, ದರಿಯಾ ದೌಲತ್‌ಗೆ, ನಿಮಿಷಾಂಬಕ್ಕೆ ಅಂತಲೇ ಬರುವವರು. ಮೈಸೂರಿಗೆ ಹೋಗುತ್ತಾ "ಇಲ್ಲೇ ಎರಡು ಇಡ್ಲಿ ತಿಂದು ಹೋಗೋಣ ಬಾ" ಅನ್ನುತ್ತಿದ್ದ ಗಿರಾಕಿ ಮಾಯ.

ಹಾಗಂತ ದಾರಿಗೂ ತಿಂಡಿಗೂ ಈ ನಂಟು ಹೊಸದೇನಲ್ಲ. ಮದ್ದೂರು ವಡೆ ಹುಟ್ಟಿದ್ದು ಹೇಗೆ? ಉಗಿಬಂಡಿ ಕಾಲದಲ್ಲಿ ಎಂಜಿನ್ನಿಗೆ ನೀರು ತುಂಬಿಸೋಕೆ ರೈಲು ಮದ್ದೂರಲ್ಲಿ ನಿಲ್ಲುತ್ತಿತ್ತು. 1917ರಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ಅಲ್ಲಿ ತಿಂಡಿ ಮಾರುತ್ತಿದ್ದರು, ಒಂದು ದಿನ ಅವಸರಕ್ಕೆ ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ ಕಲಸಿ ತಟ್ಟಿ ಕರಿದರು ಅನ್ನೋದು ಎಲ್ಲರೂ ಹೇಳುವ ಕಥೆ. ಅಂದರೆ ರೈಲು ನಿಂತಿದ್ದಕ್ಕೆ ವಡೆ ಹುಟ್ಟಿತು. ನಿಲ್ಲದೇ ಹೋಗುವ ದಾರಿಯಲ್ಲಿ ಯಾವ ತಿಂಡಿ ಹುಟ್ಟುತ್ತೆ ಹೇಳಿ?

ಇದು ರಸ್ತೆ ಹೋಟೆಲುಗಳ ಮಾತಾಯಿತು. ಊರ ಹೋಟೆಲುಗಳ ಲೆಕ್ಕ ಬೇರೆ. ಕೆ.ಆರ್.ಪೇಟೆಯಲ್ಲಿ, ನಾಗಮಂಗಲದಲ್ಲಿ, ಪಾಂಡವಪುರದಲ್ಲಿ ಎಕ್ಸ್‌ಪ್ರೆಸ್‌ವೇ ಇಲ್ಲ. ಅಲ್ಲಿನ ಹಳೇ ಹೋಟೆಲಿಗೆ ಬರೋದು ಕೋರ್ಟಿಗೆ ಬಂದವರು, ತಾಲ್ಲೂಕು ಕಚೇರಿಗೆ ಪಹಣಿಗೆ ಅಲೆಯುವವರು, ಸಂತೆಗೆ ಬಂದವರು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ. ಪಾಂಡವಪುರದಲ್ಲಿ ಇದಕ್ಕೆ ಸಕ್ಕರೆ ಕಾರ್ಖಾನೆಯ ಲೆಕ್ಕಾನೂ ಸೇರಿಸಿ. ಕಬ್ಬು ಅರೆಯುವ ಕಾಲದಲ್ಲಿ ಗಾಡಿ, ಲಾರಿ, ಕಟಾವಿನ ಆಳು, ಎಲ್ಲ ಸೇರಿ ಊರಿಗೇ ಒಂದು ಜಾತ್ರೆ. ಆ ಸಹಕಾರಿ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ 40 ವರ್ಷಕ್ಕೆ ಖಾಸಗಿ ಗುತ್ತಿಗೆಗೆ ಹೋಯಿತು. ನಿಂತ ವರ್ಷಗಳಲ್ಲಿ ರೈತನ ಬಾಕಿ ಬಗ್ಗೆ ನಾವು ಮಾತಾಡಿದೆವು, ಸರಿ. ರೈತನಿಗೆ ಸಾಲ ಬರೆದುಕೊಂಡು ಊಟ ಹಾಕಿದ ಹೋಟೆಲಿನವನ ಬಾಕಿ ಯಾರೂ ಕೇಳಲಿಲ್ಲ.

ಆದರೂ ಊರ ಹೋಟೆಲುಗಳನ್ನು ಮುಚ್ಚಿಸುವುದು ಹೆಚ್ಚಾಗಿ ಗಿರಾಕಿ ಅಲ್ಲ, ಬೆಳಗಿನ ಜಾವದ ನಾಲ್ಕು ಗಂಟೆ. ಆ ಹೊತ್ತಿಗೆ ಎದ್ದು ಒಲೆ ಹಚ್ಚುವವರು ಬೇಕು. ಅಪ್ಪ ಎದ್ದ, ತಾತ ಎದ್ದಿದ್ದ. ಮಗ ಇಂಜಿನಿಯರಿಂಗ್ ಓದಿ ಬೆಂಗಳೂರಲ್ಲಿದ್ದಾನೆ. ಅವನನ್ನು ಓದಿಸಿದ್ದೇ ಗಲ್ಲಾಪೆಟ್ಟಿಗೆಯ ದುಡ್ಡು. "ನಮ್ ಕಷ್ಟ ನಮ್ ಮಕ್ಕಳಿಗೆ ಬೇಡ ಕಣಣ್ಣ" ಅನ್ನೋ ಮಾತು ನೀವೂ ಕೇಳಿರ್ತೀರಿ. ಅದರ ಜೊತೆಗೆ ಅಣ್ಣತಮ್ಮಂದಿರ ಭಾಗ ಇದೆ. ಬಸ್ ಸ್ಟ್ಯಾಂಡ್ ಎದುರಿನ ಇಪ್ಪತ್ತು ಅಡಿ ಜಾಗ ನಾಲ್ಕು ಪಾಲಾದರೆ ಐದಡಿಯಲ್ಲಿ ದೋಸೆ ಕಲ್ಲು ಎಲ್ಲಿಡೋದು? ಮಾರಿ ಹಂಚಿಕೊಳ್ಳುತ್ತಾರೆ. ಅಲ್ಲಿ ಮೊಬೈಲ್ ಅಂಗಡಿ ಬರುತ್ತದೆ.

ಇದು ನಮ್ಮಲ್ಲಿ ಮಾತ್ರ ಅಂದುಕೋಬೇಡಿ. ಅಮೆರಿಕದ ಊರೂರಲ್ಲಿ ಚೀನಾದ ಕ್ಯಾಂಟನ್ ಕಡೆಯ ಕುಟುಂಬಗಳು ನಡೆಸುತ್ತಿದ್ದ ಹೋಟೆಲುಗಳು ಹೀಗೇ ಮುಚ್ಚುತ್ತಿವೆ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಲೆಕ್ಕ ಕೊಟ್ಟಿತ್ತು. ಅಲ್ಲಿನ 20 ದೊಡ್ಡ ನಗರಗಳಲ್ಲಿ ಚೀನೀ ಹೋಟೆಲುಗಳ ಪಾಲು ಐದು ವರ್ಷದಲ್ಲಿ ಶೇ. 7.3ರಿಂದ 6.5ಕ್ಕೆ ಇಳಿದಿದೆ ಅಂತ. ಜನಕ್ಕೆ ನೂಡಲ್ಸ್ ಬೇಜಾರಾಗಿ ಅಲ್ಲ. ಮಕ್ಕಳು ಓದಿ ಬೇರೆ ಕೆಲಸ ಹಿಡಿದರು. ಅಪ್ಪ ಅಮ್ಮನಿಗೆ ಬೇಕಾಗಿದ್ದೂ ಅದೇ. ಅಂಥ ಹೋಟೆಲು ಮುಚ್ಚಿದರೆ ಬೇಜಾರು ಆಗುತ್ತೆ, ಅನ್ಯಾಯ ಆಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ತಿರುವೂ ಇದೆ. ಕೆ.ಆರ್.ಪೇಟೆ, ನಾಗಮಂಗಲದ ಜನ ಮುಂಬೈಗೆ ಹೋಗಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದವರು. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನಿಂದ ಅವರು ವಾಪಸ್ ಬಂದಾಗಲೇ ಎಷ್ಟು ಜನ ಹೋಗಿದ್ದರು ಅಂತ ನಾಡಿಗೆ ಗೊತ್ತಾಗಿದ್ದು. ಆಗ ಅವರನ್ನು ನಾವು ಟಿವಿಯವರು ಕರೋನಾ ತಂದವರು ಅಂತ ತೋರಿಸಿದ ರೀತಿ ಇದೆಯಲ್ಲ, ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ. ಇಲ್ಲಿಯ ಹುಡುಗರು ಮುಂಬೈಯಲ್ಲಿ ಪ್ಲೇಟು ಎತ್ತಿದರು. ಇಲ್ಲಿಯ ಹೋಟೆಲಿನಲ್ಲಿ ಪ್ಲೇಟು ಎತ್ತೋಕೆ ಅಸ್ಸಾಂ, ಒಡಿಶಾದ ಹುಡುಗರು ಬಂದರು. ಹಿಂದೆ ಕ್ಲೀನರ್ ಆಗಿ ಸೇರಿದ ಹುಡುಗ ಸಪ್ಲೈಯರ್ ಆಗಿ, ಅಡುಗೆ ಕಲಿತು, ಕೊನೆಗೆ ತಾನೇ ಒಂದು ಹೋಟೆಲು ಇಡುತ್ತಿದ್ದ. ಕರಾವಳಿಯಿಂದ ಘಟ್ಟ ಹತ್ತಿ ಬಂದವರು ಬೆಳೆದದ್ದು ಆ ಏಣಿಯಲ್ಲೇ. ಮಗ ಬೇಡ ಅಂದ ಹೋಟೆಲನ್ನು ಇಪ್ಪತ್ತು ವರ್ಷ ಸಾಂಬಾರು ಮಾಡಿದ ಭಟ್ಟರಿಗೇ ಬಾಡಿಗೆಗೆ ಕೊಡಬಹುದಲ್ಲ? ಕೊಟ್ಟ ಕಡೆ ಬೋರ್ಡೂ ಉಳಿದಿದೆ, ರುಚಿಯೂ ಉಳಿದಿದೆ.

ಮನೆಯವರು ಮುಚ್ಚಿದ ಹೋಟೆಲಿಗೆ ಸರ್ಕಾರ ಏನೂ ಮಾಡಬೇಕಿಲ್ಲ. ರಸ್ತೆ ಮುಚ್ಚಿದ ಹೋಟೆಲಿನ ವಿಷಯ ಹಾಗಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಪರಿಹಾರ ಸಿಗೋದು ಜಾಗ ಕಳಕೊಂಡವರಿಗೆ. ಹೋಟೆಲಿನ ಅರ್ಧ ಗೋಡೆ ಒಡೆದರೆ ದುಡ್ಡು ಬರುತ್ತೆ. ಗೋಡೆ ಮುಟ್ಟದೆ, ರಸ್ತೆಯನ್ನೇ ಊರಾಚೆ ಎತ್ತಿಕೊಂಡು ಹೋದರೆ ಒಂದು ರೂಪಾಯಿಯೂ ಇಲ್ಲ. ಕಾನೂನಿನ ಕಣ್ಣಲ್ಲಿ ಆ ಹೋಟೆಲಿನವನು ಏನನ್ನೂ ಕಳಕೊಂಡಿಲ್ಲ! ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ ಪ್ರಯಾಣಿಕರಿಗೆ ವಿಶ್ರಾಂತಿ ತಾಣ ಬೇಕು ಅನ್ನೋದನ್ನು ಎಲ್ಲರೂ ಒಪ್ಪುತ್ತಾರೆ. ಅಲ್ಲಿ ಮಳಿಗೆ ಯಾರಿಗೆ ಅನ್ನೋದನ್ನು ಹರಾಜೇ ತೀರ್ಮಾನ ಮಾಡಿದರೆ, ಪಿಜ್ಜಾ, ಬರ್ಗರ್ ಕಂಪನಿ ಎದುರಿಗೆ ಮದ್ದೂರಿನ ವಡೆಯವರು, ಶ್ರೀರಂಗಪಟ್ಟಣದ ಇಡ್ಲಿಯವರು ಕೂಗೋಕೆ ಆಗುತ್ತಾ? ಹಳೇ ರಸ್ತೆಯಲ್ಲಿ ವ್ಯಾಪಾರ ಕಳಕೊಂಡವರಿಗೆ ಅಂತ ಎಷ್ಟು ಮಳಿಗೆ ಮೀಸಲು, ಬಾಡಿಗೆ ಎಷ್ಟು? ಹೆದ್ದಾರಿ ಪ್ರಾಧಿಕಾರ ಇದನ್ನು ಟೆಂಡರ್ ಕರೆಯುವ ಮೊದಲು ಹೇಳಬೇಕು, ಕರೆದ ಮೇಲಲ್ಲ.