ರಜೋನಿವೃತ್ತಿಯೂ ಧೂಮನಿವೃತ್ತಿಯೂ

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು. ಗಣಿಯ ಧೂಳು ಗಂಡಸರ ಶ್ವಾಸಕೋಶಗಳಿಗೆ ಮಾಡಿದ ಹಾನಿಯನ್ನು ಚಾಂಪಿಯನ್ ರೀಫ್, ಮಾರಿಕುಪ್ಪಂ ಲೈನುಗಳ ಜನರು ಚೆನ್ನಾಗಿ ಬಲ್ಲರು. ಆದರೆ ಮನೆಯೊಳಗಿನ ಬೀಡಿ ಚುಟ್ಟಗಳ ವಿಚಾರವನ್ನು, ಅದರಲ್ಲಿಯೂ ಹೆಂಗಸರು ಸೇದುವ ವಿಚಾರವನ್ನು ಆಡುವವರು ವಿರಳ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 2 ಮಂದಿ ಧೂಮಪಾನಿಗಳು. ಹೊಗೆಸೊಪ್ಪು ಅಗಿಯುವವರೇ ಮೊದಲಾದವರು ಸುಮಾರು 13 ಮಂದಿ. ಲಜ್ಜೆಯಿಂದ ಮರೆಯಲ್ಲಿ ಸೇದುವ ತಾಯಂದಿರಿಗಾಗಿ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ದೇಹದಲ್ಲಿ ಕುಗ್ಗುವುದು. ಅದರಿಂದ ಮೂಳೆ ಸವೆಯುವುದು. ಹೃದ್ರೋಗದ ಭಯ ಹೆಚ್ಚುವುದು. ಧೂಮಪಾನವು ಮಾಡುವ ಕೆಡಕೂ ಇದೇ. ಮೇಲಾಗಿ ಸೇದುವವರಿಗೆ ಮುಟ್ಟು ಒಂದೆರಡು ವರ್ಷ ಮುಂಚೆಯೇ ನಿಲ್ಲುವುದುಂಟು.

ಬೀಡಿಯನ್ನು ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ರಾಭಂಗ, ಮನೋವ್ಯಾಕುಲಗಳು ತಲೆದೋರುವುವು. ರಜೋನಿವೃತ್ತಿಯ ಲಕ್ಷಣಗಳಲ್ಲಿಯೂ ಇವು ಸೇರಿವೆ. ಎರಡನ್ನೂ ಬೇರ್ಪಡಿಸಿ ತಿಳಿಯಲಾರದೆ ಮತ್ತೆ ಬೀಡಿಗೆ ಕೈನೀಡುವವರುಂಟು. ಬಿಟ್ಟುದರ ಕಷ್ಟವು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುವುದು. ಮೈಬಿಸಿಯೇರುವುದು, ರಾತ್ರಿ ಬೆವರುವುದು ಮಾತ್ರ ವರ್ಷಗಟ್ಟಲೆ ಇರಬಹುದು; ಅದಕ್ಕೆ ಬೇರೆ ಚಿಕಿತ್ಸೆಯುಂಟು.

ಅದೇ ಹಾರ್ಮೋನು ಚಿಕಿತ್ಸೆ. ಇದು ಬಿಸಿಯೇರಿಕೆಯನ್ನು ತಗ್ಗಿಸುವುದು, ಮೂಳೆಯನ್ನೂ ಕಾಯುವುದು. ಆದರೆ ಚಟವನ್ನು ಬಿಡಿಸುವ ಔಷಧವಲ್ಲ. ಅರವತ್ತರೊಳಗೆ, ಇಲ್ಲವೆ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸುವುದು ಮೇಲೆಂದು ವೈದ್ಯರ ಮತ. ಮಾತ್ರೆಯ ರೂಪದಲ್ಲಿ ರಕ್ತ ಹೆಪ್ಪುಗಟ್ಟುವ ಮತ್ತು ಪಾರ್ಶ್ವವಾಯುವಿನ ಭಯ ಸ್ವಲ್ಪ ಹೆಚ್ಚು. ಧೂಮಪಾನವು ಅದನ್ನು ಇನ್ನೂ ಹೆಚ್ಚಿಸುವುದು. ಸೇದುವವರ ಯಕೃತ್ತು ಈಸ್ಟ್ರೋಜನನ್ನು ಬೇಗ ಕರಗಿಸುವುದರಿಂದ ಮಾತ್ರೆಯ ಗುಣವೂ ಕುಂದುವುದು. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಹೆಪ್ಪುಗಟ್ಟುವ ಭಯ ಕಡಿಮೆ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ ಈ ಚಿಕಿತ್ಸೆ ಸಾಮಾನ್ಯವಾಗಿ ಸಲ್ಲದು. ಆದುದರಿಂದ ವೈದ್ಯರ ಮುಂದೆ ಬೀಡಿಯ ಸಂಗತಿಯನ್ನು ಮರೆಮಾಚಕೂಡದು.

ರಜೋನಿವೃತ್ತಿಯನ್ನು ಕಾಲವೇ ತರುವುದು. ಧೂಮನಿವೃತ್ತಿಗೆ ಪ್ರಯತ್ನ ಬೇಕು. ನಿಕೋಟಿನ್ ಗಮ್ಮು, ವೈದ್ಯರು ಬರೆದುಕೊಡುವ ಮಾತ್ರೆಗಳು ನೆರವಾಗುವುವು. 1800-11-2356 ಎಂಬ ಸರ್ಕಾರದ ದೂರವಾಣಿಯಲ್ಲಿ ಖರ್ಚಿಲ್ಲದೆ ಸಲಹೆ ದೊರೆಯುವುದು. ಬಂಗಾರಪೇಟೆಯ ಮಾರ್ಗವಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರು ಅಲ್ಲಿನ ನಿಮ್ಹಾನ್ಸ್ ಸಂಸ್ಥೆಯ ತಂಬಾಕು ಬಿಡಿಸುವ ಚಿಕಿತ್ಸಾಲಯವನ್ನೂ ಕಾಣಬಹುದು. ಬಿಟ್ಟ ಒಂದು ವರ್ಷದಲ್ಲಿ ಧೂಮಪಾನದಿಂದ ಬಂದ ಹೃದ್ರೋಗದ ಹೆಚ್ಚುವರಿ ಭಯ ಅರ್ಧಕ್ಕಿಳಿಯುವುದು; ಐವತ್ತೈದಾಯಿತು, ಇನ್ನೇನು ಫಲವೆಂಬ ಮಾತು ಸಲ್ಲದು.

ಗೃಹಸ್ಥರಿಗೆ ನಮ್ಮದೊಂದು ವಿಜ್ಞಾಪನೆ. ಬೀಡಿ ಬಿಡಲೆಳಸುವ ತಾಯಿಯನ್ನು ಹಂಗಿಸಬೇಡಿರಿ. ಅವಳ ಸಿಡುಕನ್ನು ಒಂದು ತಿಂಗಳು ಸಹಿಸಿರಿ. ಮನೆಯ ಗಂಡಸರೂ ಆ ದಿನದಿಂದಲೇ ಬೀಡಿಯ ಕಟ್ಟನ್ನು ಹೊಸ್ತಿಲಾಚೆ ಇಡಲಿ.